ಬಾರದೆ ಹೋದವರ ಲೆಕ್ಕ: ಗಡಿನಾಡಿನ ಡಯಾಲಿಸಿಸ್ ಘಟಕಗಳಿಗೆ ರೋಗಿ ರಿಜಿಸ್ಟ್ರಿ

ನಿಮ್ಮ ಘಟಕದಲ್ಲಿ ಈಗ ಎಷ್ಟು ಮಂದಿಗೆ ಡಯಾಲಿಸಿಸ್ ನಡೆಯುತ್ತಿದೆ ಎಂದು ಕೇಳಿದರೆ ಇಲ್ಲಿರುವ ಟೆಕ್ನಿಶಿಯನ್‌ಗಳು, ನರ್ಸ್‌ಗಳು ನಿಂತ ನಿಲುವಿನಲ್ಲೇ ಹೇಳಿಯಾರು. ಯಾವ ಯಂತ್ರದಲ್ಲಿ ಯಾರು, ಯಾರದು ಬೆಳಗಿನ ಶಿಫ್ಟ್, ಯಾರು ಸೋಮವಾರ-ಗುರುವಾರದವರು, ಎಲ್ಲ ಬಾಯಿಪಾಠ. ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಹೋದ ವರ್ಷ ಇದೇ ತಿಂಗಳಲ್ಲಿ ನಿಮ್ಮಲ್ಲಿಗೆ ಬರುತ್ತಿದ್ದ ಪ್ರತಿಯೊಬ್ಬರೂ ಇವತ್ತು ಎಲ್ಲಿದ್ದಾರೆ? ಯಾರು ಈಗಲೂ ಬರುತ್ತಿದ್ದಾರೆ, ಯಾರು ತೀರಿಹೋದರು, ಯಾರಿಗೆ ಕಿಡ್ನಿ ಕಸಿ ಆಯಿತು, ಯಾರು ಮಂಗಳೂರಿಗೆ ಹೋದರು, ಯಾರು ಹೋಗಿಬರುವ ಖರ್ಚಿಗೆ ಗತಿಯಿಲ್ಲದೆ ಮನೆಯಲ್ಲೇ ಉಳಿದರು? ಇದಕ್ಕೆ ಉತ್ತರ ಹುಡುಕಬೇಕಾದರೆ ನಾಲ್ಕು ಪುಸ್ತಕ ತಿರುವಬೇಕು. ತಿರುವಿದ ಮೇಲೂ ಕೆಲವು ಹೆಸರುಗಳ ಮುಂದೆ ಏನೂ ಬರೆಯಲಿಕ್ಕಾಗುವುದಿಲ್ಲ. ರೋಗಿ ರಿಜಿಸ್ಟ್ರಿ ಎನ್ನುವುದು ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ ಇರುವ ಏರ್ಪಾಡು.

ಘಟಕದಲ್ಲಿ ಪುಸ್ತಕಗಳಿಗೇನೂ ಬರವಿಲ್ಲ. ಯೋಜನೆಯ ಬಿಲ್ಲಿಗೆ ಒಂದು, ಸಾಮಾನಿನ ದಾಸ್ತಾನಿಗೆ ಒಂದು, ದಿನದ ಹಾಜರಿಗೆ ಒಂದು. ಆದರೆ ಬಿಲ್ಲಿಗಾಗಿ ಬರೆದ ಪುಸ್ತಕದಲ್ಲಿ ಬಂದವರ ಹೆಸರಿರುತ್ತದೆ, ಬಾರದವರ ಹೆಸರಿರುವುದಿಲ್ಲ. ಚಿಕಿತ್ಸೆ ಎಲ್ಲಿ ಸೋತಿದೆ ಎಂದು ತಿಳಿಯಬೇಕಾದರೆ ನಮಗೆ ಬೇಕಾದದ್ದು ಬಾರದವರ ಹೆಸರೇ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

ಕಾಸರಗೋಡಿನವರಿಗೆ ಪಟ್ಟಿಯ ವಿಷಯ ಹೊಸದಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬಂತೋ ಇಲ್ಲವೋ ಎಂಬ ಸಂಕಟ ಇಲ್ಲಿನ ಎಷ್ಟೋ ಮನೆಗಳಿಗೆ ಗೊತ್ತಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ ಮೇಲೂ ಆ ಸಂಕಟ ಮುಗಿಯಲಿಲ್ಲ. ಅದು ಸವಲತ್ತಿನ ಪಟ್ಟಿ. ಅಲ್ಲಿ ಕೇಳುವ ಪ್ರಶ್ನೆ ‘ಇವರು ಅರ್ಹರೇ?’ ಎಂಬುದು. ರಿಜಿಸ್ಟ್ರಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಕಾರ್ಡು ಇರುವವರು, ಇಲ್ಲದವರು, ಹಣ ಕೊಟ್ಟು ಮಾಡಿಸಿಕೊಳ್ಳುವವರು, ಒಂದೇ ಒಂದು ಸಲ ಬಂದು ಮತ್ತೆ ಬಾರದವರು, ಎಲ್ಲರೂ ಅದರಲ್ಲಿ ಇರಬೇಕು. ಯಾರನ್ನು ಬಿಟ್ಟಿದ್ದೇವೋ ಅವರ ಸ್ಥಿತಿಯೇ ಹೆಚ್ಚಾಗಿ ಕೆಟ್ಟಿರುತ್ತದೆ. ಅವರನ್ನು ಬಿಟ್ಟ ಲೆಕ್ಕ ನೋಡಲು ಚೆನ್ನಾಗಿರುತ್ತದೆ, ಸುಧಾರಣೆಗೆ ಉಪಯೋಗವಿಲ್ಲ. ಇದನ್ನು ಜನರಿಗೆ ಮೊದಲೇ ಬಿಡಿಸಿ ಹೇಳಬೇಕು. ಇಲ್ಲವಾದರೆ ‘ಹೆಸರು ಬರೆಸಿದರೆ ಏನು ಸಿಗುತ್ತದೆ?’ ಎಂಬ ನಿರೀಕ್ಷೆ, ಬರೆಸದಿದ್ದರೆ ಏನೋ ತಪ್ಪಿಹೋದೀತೆಂಬ ಭಯ, ಎರಡೂ ಹುಟ್ಟಿಕೊಳ್ಳುತ್ತವೆ.

ಬೇರೆ ದೇಶಗಳಲ್ಲಿ ಇದು ಹಳೆಯ ಕೆಲಸ. ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ ಜಂಟಿ ರಿಜಿಸ್ಟ್ರಿ ಆನ್ಜ್‌ಡೇಟಾ 1977ರಲ್ಲಿ ರೂಪುಗೊಂಡಿತು, 1963ರಿಂದ ಚಿಕಿತ್ಸೆ ಪಡೆದವರ ದಾಖಲೆ ಅದರಲ್ಲಿದೆ. ಅಮೆರಿಕದ್ದು 1988ರದು, ಬ್ರಿಟನ್ನಿನದು 1995ರದು. ನಮ್ಮ ದೇಶದಲ್ಲಿ ಭಾರತೀಯ ನೆಫ್ರಾಲಜಿ ಸೊಸೈಟಿ 2005ರಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆಯ ರಿಜಿಸ್ಟ್ರಿ ಆರಂಭಿಸಿತು. ಅದರ ಮೊದಲ ವರದಿ 2012ರಲ್ಲಿ ಬಂತು, 52,273 ವಯಸ್ಕ ರೋಗಿಗಳ ವಿವರದೊಂದಿಗೆ. ಕಾರಣಗಳಲ್ಲಿ ಡಯಾಬಿಟಿಸ್ ಶೇ. 31. ಕಾರಣವೇ ತಿಳಿಯದವರು ಶೇ. 16. ಮನಸ್ಸಿಗೆ ನಾಟಬೇಕಾದ ಅಂಕಿ ಮತ್ತೊಂದಿದೆ: ಶೇ. 48ರಷ್ಟು ಮಂದಿ ನೆಫ್ರಾಲಜಿಸ್ಟರ, ಅಂದರೆ ಕಿಡ್ನಿ ತಜ್ಞರ, ಮುಂದೆ ಬಂದು ಕುಳಿತಾಗಲೇ ಐದನೆಯ ಹಂತದಲ್ಲಿದ್ದರು. ಅಂದರೆ ಕಿಡ್ನಿಯ ಕೆಲಸ ಹೆಚ್ಚುಕಡಿಮೆ ಮುಗಿದ ಮೇಲೆ ಬಂದವರು. ಆದಾಯ ಕಡಿಮೆ ಇದ್ದವರು ಇನ್ನೂ ತಡವಾಗಿ ಬಂದಿದ್ದರು. ಕಾರಣ ತಿಳಿಯದ ಗುಂಪಿನಲ್ಲಿ ಕಿರಿಯರು ಹೆಚ್ಚು, ಹೆಂಗಸರ ಪಾಲೂ ಹೆಚ್ಚು. ಇದು ತಜ್ಞರ ತನಕ ತಲುಪಿದವರ ಲೆಕ್ಕ ಮಾತ್ರ ಎನ್ನುವುದನ್ನು ಮರೆಯಬಾರದು. ತಲುಪದವರು ಆ 52,273ರ ಆಚೆಗೆ ಇದ್ದಾರೆ.

ಈಗ ನಮ್ಮ ಗಡಿಯ ವಿಷಯಕ್ಕೆ ಬರುತ್ತೇನೆ. ಮಂಜೇಶ್ವರ, ಉಪ್ಪಳ, ಪೆರ್ಲದ ಕಡೆಯ ರೋಗಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು, ದೇರಳಕಟ್ಟೆ. ತೆಂಕಣದವರಿಗೆ ಕಾಞಂಗಾಡು, ಪರಿಯಾರಂ. ಮೊದಲು ಮಂಗಳೂರಿನಲ್ಲಿ ಕುತ್ತಿಗೆಯ ರಕ್ತನಾಳಕ್ಕೆ ಲೈನ್, ಅಂದರೆ ನಳಿಕೆ, ಹಾಕಿ ಡಯಾಲಿಸಿಸ್ ಆರಂಭಿಸುತ್ತಾರೆ. ಆಮೇಲೆ ಕೇರಳದ ಯೋಜನೆಯಲ್ಲಿ ಉಚಿತವೆಂದು ಊರಿನ ಘಟಕಕ್ಕೆ ಬರುತ್ತಾರೆ. ತೊಂದರೆಯಾದರೆ ಮತ್ತೆ ತಲಪಾಡಿ ದಾಟುತ್ತಾರೆ. ಎರಡು ಕಡೆಯೂ ಬೇರೆ ಬೇರೆ ಲೆಕ್ಕ ಇಟ್ಟರೆ ಆಗುವುದೇನು? ಕರ್ನಾಟಕದ ಪುಸ್ತಕದಲ್ಲಿ ಅವರು ‘ಬರುವುದು ಬಿಟ್ಟವರು’, ಕೇರಳದ ಪುಸ್ತಕದಲ್ಲಿ ‘ಹೊಸಬರು’. ಒಬ್ಬನೇ ಮನುಷ್ಯ ಒಂದು ಕಡೆ ಕಳೆದುಹೋಗಿ ಇನ್ನೊಂದು ಕಡೆ ಹೊಸದಾಗಿ ಹುಟ್ಟುತ್ತಾನೆ. ಹೊಸಬರ ಸಂಖ್ಯೆ ಸುಳ್ಳಾಗುತ್ತದೆ, ಡಯಾಲಿಸಿಸ್ ಮೇಲೆ ಎಷ್ಟು ವರ್ಷ ಬದುಕಿದರು ಎಂಬ ಲೆಕ್ಕವೂ ಸುಳ್ಳಾಗುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ರಸ್ತೆ ಮುಚ್ಚಿದ ದಿನಗಳನ್ನು ನೆನೆಯಿರಿ. ವಾರಕ್ಕೆ ಎರಡು ಮೂರು ಸಲ ಗಡಿ ದಾಟಲೇಬೇಕಾದ ಡಯಾಲಿಸಿಸ್ ರೋಗಿಗಳು ಯಾವ ಪಂಚಾಯತಿನ ಯಾವ ವಾರ್ಡಿನಲ್ಲಿದ್ದಾರೆ, ಅವರ ಕೊನೆಯ ಡಯಾಲಿಸಿಸ್ ಯಾವಾಗ ಆಗಿದೆ, ಹೆಪಟೈಟಿಸ್ ಇರುವವರು ಯಾರು ಎಂಬ ಪಟ್ಟಿ ಕೈಯಲ್ಲಿದ್ದರೆ ಅಂಥ ಹೊತ್ತಿನಲ್ಲಿ ಅರ್ಧ ದಿನದಲ್ಲಿ ಯಂತ್ರ ಹಂಚಬಹುದು. ನೆರೆ ಬಂದು ರಸ್ತೆ ಕಡಿದಾಗಲೂ ಅದೇ ಪಟ್ಟಿ ಬೇಕಾಗುತ್ತದೆ.

ಒಬ್ಬರನ್ನು ಎರಡು ಕಡೆಯೂ ಒಬ್ಬರೇ ಎಂದು ಗುರುತಿಸುವುದು ಹೇಗೆ? ಹೆಸರಿನಿಂದ ಆಗುವುದಿಲ್ಲ. ಅಬ್ದುಲ್ ರಹಿಮಾನ್ ಎಂಬವರು ಮೂರು ಆಸ್ಪತ್ರೆಯಲ್ಲಿ ಮೂರು ವಿಧದ ಅಕ್ಷರಗಳಲ್ಲಿ ಇರುತ್ತಾರೆ. ಐತಪ್ಪ ಒಂದು ಕಡೆ ತಂದೆಯ ಹೆಸರಿನ ಇನಿಶಿಯಲ್ ಜತೆ, ಮತ್ತೊಂದು ಕಡೆ ಮನೆಹೆಸರಿನ ಜತೆ. ಹಾಗಾಗಿ ನೋಂದಣಿಯ ಮೊದಲ ಸಾಲಿನಲ್ಲಿ ಆಭಾ, ಅಂದರೆ ಸರಕಾರದ 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆ, ಇರಲಿ. ಅದಿಲ್ಲದವರಿಗೆ ನೋಂದಣಿಯ ದಿನವೇ ಮಾಡಿಸಿಕೊಡಿ. ಜತೆಗೆ ಹುಟ್ಟಿದ ಇಸವಿ, ಪಂಚಾಯತು, ವಾರ್ಡು, ಎರಡು ಫೋನ್ ನಂಬರ್. ಎರಡನೆಯ ನಂಬರ್ ಮನೆಯ ಹೆಂಗಸಿನದ್ದಾಗಿದ್ದರೆ ಒಳ್ಳೆಯದು. ಮಗ ಗಲ್ಫಿಗೆ ಹೋದಾಗ ಅವನ ಸಿಮ್ ಅವನ ಜತೆಗೇ ಹೋಗಿರುತ್ತದೆ.

ಏನೇನು ಬರೆಯಬೇಕು? ಇಲ್ಲಿ ಹೆಚ್ಚಿನ ರಿಜಿಸ್ಟ್ರಿಗಳು ಮುಗ್ಗರಿಸುತ್ತವೆ. ಸಮಿತಿ ಕೂತು 150 ಕಾಲಂ ಮಾಡುತ್ತದೆ, ಮೂರು ತಿಂಗಳು ತುಂಬುತ್ತಾರೆ, ನಾಲ್ಕನೆಯ ತಿಂಗಳು ಹಿಂದಿನದನ್ನೇ ನಕಲು ಮಾಡುತ್ತಾರೆ. ಒಬ್ಬ ಟೆಕ್ನಿಶಿಯನ್ ನಾಲ್ಕು ಯಂತ್ರ ನೋಡಿಕೊಳ್ಳುತ್ತಾ ಬರೆಯಬೇಕಾದ್ದು ಇದು. ನನ್ನ ಅಭಿಪ್ರಾಯದಲ್ಲಿ ನೋಂದಣಿಗೆ ಒಂದು ಪುಟ, ತಿಂಗಳಿಗೆ ಒಂದು ಸಾಲು, ಏನಾದರೂ ಘಟಿಸಿದ ದಿನ ಒಂದು ಚೀಟಿ. ಇದಕ್ಕಿಂತ ಹೆಚ್ಚು ಬೇಡ. ಆದರೆ ಬರೆಯುವ ಪ್ರತಿಯೊಂದಕ್ಕೂ ಎಲ್ಲ ಘಟಕದಲ್ಲೂ ಒಂದೇ ಅರ್ಥ ಇರಬೇಕು.

‘ಡಯಾಲಿಸಿಸ್ ಆರಂಭದ ದಿನಾಂಕ’ ಎಂಬ ಕಾಲಮ್ಮನ್ನೇ ತೆಗೆದುಕೊಳ್ಳಿ. ಬಹಳ ಕಡೆ ನಮ್ಮ ಘಟಕಕ್ಕೆ ಬಂದ ದಿನವನ್ನು ಬರೆದುಬಿಡುತ್ತಾರೆ. ಬೇಕಾದದ್ದು ಜೀವನದಲ್ಲೇ ಮೊದಲ ಸಲ ಡಯಾಲಿಸಿಸ್ ಆದ ದಿನ, ಅದು ಮಂಗಳೂರಿನಲ್ಲಾಗಲಿ ದುಬೈಯಲ್ಲಾಗಲಿ. ಇನ್ನು ಮಳೆಗಾಲದ ಸಮಸ್ಯೆ. ಜೂನ್-ಜುಲೈಯಲ್ಲಿ ಇಲಿಜ್ವರದಿಂದ ಕಿಡ್ನಿ ನಿಂತು ಬರುವವರಿರುತ್ತಾರೆ. ತೋಟದಲ್ಲಿ, ಗದ್ದೆಯಲ್ಲಿ ದುಡಿಯುವ ಗಟ್ಟಿ ಆಳುಗಳು. ನಾಲ್ಕಾರು ಡಯಾಲಿಸಿಸ್ ಆದ ಮೇಲೆ ಮೂತ್ರ ಬರತೊಡಗುತ್ತದೆ, ಮನೆಗೆ ಹೋಗುತ್ತಾರೆ. ಅವರನ್ನು ಶಾಶ್ವತ ಕಾಯಿಲೆಯವರ ಲೆಕ್ಕಕ್ಕೆ ಸೇರಿಸಿದರೆ ‘ಚೇತರಿಸಿಕೊಂಡವರು’ ತುಂಬಿಹೋಗುತ್ತಾರೆ. ಅದಕ್ಕೆಂದೇ ಹಲವು ಕಡೆ 90 ದಿನ ಕಳೆದ ಮೇಲಿನ ಲೆಕ್ಕವನ್ನು ಪ್ರತ್ಯೇಕವಾಗಿ ಇಡುತ್ತಾರೆ. ಆದರೆ 90 ದಿನ ಕಾದು ಹೆಸರು ಬರೆದರೆ ಅದಕ್ಕೆ ಮುಂಚೆ ತೀರಿಹೋದವರು ಎಲ್ಲಿಯೂ ಕಾಣಿಸುವುದಿಲ್ಲ. ಡಯಾಲಿಸಿಸ್‌ನಲ್ಲಿ ಮೊದಲ ಮೂರು ತಿಂಗಳೇ ಅತ್ಯಂತ ಅಪಾಯದ ಕಾಲ. ಆದ್ದರಿಂದ ಹೆಸರು ಮೊದಲ ದಿನವೇ ಬರಲಿ, ‘ತಾತ್ಕಾಲಿಕ, ದೀರ್ಘಕಾಲದ್ದು, ತಿಳಿಯದು’ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಿ, 90ನೆಯ ದಿನ ಅದನ್ನು ಮತ್ತೆ ನೋಡಿ ಖಚಿತ ಮಾಡಿ.

ಕಾರಣದ ಕಾಲಮ್ಮಿನಲ್ಲಿ ಇನ್ನೊಂದು ಅಭ್ಯಾಸ ಇದೆ. ಏನೂ ಗೊತ್ತಾಗದಿದ್ದರೆ ‘ಬಿಪಿ’ ಎಂದು ಬರೆಯುವುದು. ಕಿಡ್ನಿ ಹಾಳಾದ ಮೇಲೆ ಬಿಪಿ ಏರುವುದು ಸಾಮಾನ್ಯ, ಹಾಗಾಗಿ ಬಿಪಿ ಇದೆ ಎಂದಮಾತ್ರಕ್ಕೆ ಅದೇ ಕಾರಣವೆಂದಾಗುವುದಿಲ್ಲ. ಗೊತ್ತಿಲ್ಲದಿದ್ದರೆ ‘ತಿಳಿದಿಲ್ಲ’ ಎಂದೇ ಬರೆಯಿರಿ. ಒಂದು ಪಂಚಾಯತಿನಲ್ಲಿ ‘ತಿಳಿದಿಲ್ಲ’ ಎನ್ನುವವರು ಗುಂಪಾಗಿ ಕಂಡರೆ ಅದು ಹುಡುಕಿನೋಡಬೇಕಾದ ಸುಳಿವು. ಬಿಪಿ ಎಂದು ಬರೆದು ಅದನ್ನು ಮುಚ್ಚಬೇಡಿ.

ಇನ್ನು ತಿಂಗಳ ಸಾಲು. ಅದರಲ್ಲಿ ಹಿಮೋಗ್ಲೋಬಿನ್, ಡಯಾಲಿಸಿಸ್‌ಗೆ ಮುಂಚಿನ ಮತ್ತು ನಂತರದ ಯೂರಿಯಾ, ಡ್ರೈ ವೆಯ್ಟ್ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ), ಬರಬೇಕಾಗಿದ್ದ ಸರದಿ ಎಷ್ಟು, ಬಂದದ್ದು ಎಷ್ಟು, ಪೂರ್ತಿ ನಾಲ್ಕು ಗಂಟೆ ಆದದ್ದು ಎಷ್ಟು, ಈಗ ಯಾವುದರ ಮೂಲಕ ಡಯಾಲಿಸಿಸ್, ಫಿಸ್ಟುಲಾವೋ (ಕೈಯ ಎರಡು ರಕ್ತನಾಳ ಜೋಡಿಸಿ ಮಾಡಿದ್ದು) ಲೈನೋ. ಯೂರಿಯಾದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಕಿ ಸುಂದರವಾಗಿ ಕಂಡು ರೋಗಿ ಕುಗ್ಗುತ್ತಾ ಹೋಗುವುದು ಇಲ್ಲೇ.

ರಕ್ತ ಎಷ್ಟು ಶುದ್ಧವಾಯಿತು ಎಂದು ತಿಳಿಯುವ ಸರಳ ದಾರಿ ರಕ್ತದಲ್ಲಿರುವ ಯೂರಿಯಾ ಎಂಬ ತ್ಯಾಜ್ಯ ಇಳಿದ ಪ್ರಮಾಣ, ಯುಆರ್‌ಆರ್. ಮುಂಚಿನ ಯೂರಿಯಾದಿಂದ ನಂತರದ್ದನ್ನು ಕಳೆದು, ಮುಂಚಿನದರಿಂದ ಭಾಗಿಸಿ, ನೂರರಿಂದ ಗುಣಿಸುವುದು. ವಾರಕ್ಕೆ ಮೂರು ಸಲದವರಿಗೆ ಕನಿಷ್ಠ ಶೇ. 65 ಇರಬೇಕು. ಮುಂಚೆ 140, ನಂತರ 56 ಆದರೆ ಇಳಿದದ್ದು 84, ಅಂದರೆ ಶೇ. 60. ಸಾಲದು. ಈಗ ಅದೇ ರೋಗಿಗೆ ನಂತರದ ಮಾದರಿ 42 ಎಂದು ಬಂದರೆ ಶೇ. 70, ಎಲ್ಲರಿಗೂ ಸಮಾಧಾನ. 56 ಇದ್ದದ್ದು 42 ಆಗುವುದು ಹೇಗೆ? ಮಾದರಿ ತೆಗೆದ ರೀತಿಯಿಂದ. ಫಿಸ್ಟುಲಾ ಕಿರಿದಾಗಿದ್ದರೆ ಯಂತ್ರದಿಂದ ಆಗಷ್ಟೇ ಶುದ್ಧವಾಗಿ ಹಿಂದಿರುಗಿದ ರಕ್ತದ ಒಂದು ಪಾಲು ಮೈಯನ್ನು ಸುತ್ತದೆ ಮತ್ತೆ ಯಂತ್ರದೊಳಕ್ಕೇ ಎಳೆಯಲ್ಪಡುತ್ತದೆ. ಪಂಪು ನಿಮಿಷಕ್ಕೆ 300 ಮಿಲಿಲೀಟರಿನಲ್ಲಿ ಓಡುತ್ತಿರುವಾಗಲೇ ಸಿರಿಂಜಿಗೆ ಎಳೆದುಕೊಂಡರೆ ಆ ಶುದ್ಧ ರಕ್ತ ಬೆರೆತು ಯೂರಿಯಾ ಕಡಿಮೆ ತೋರಿಸುತ್ತದೆ. ಅಂದರೆ ಯಾರ ಫಿಸ್ಟುಲಾ ಕೆಟ್ಟಿದೆಯೋ ಅವರ ಅಂಕಿಯೇ ಚೆನ್ನಾಗಿ ಕಾಣುತ್ತದೆ.

ಸರಿಯಾದ ರೀತಿ ಹೀಗೆ. ಮುಂಚಿನ ಮಾದರಿ ಸೂಜಿ ಹಾಕಿದೊಡನೆ, ಸಲೈನ್ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಒಳಗೆ ಹೋಗುವ ಮೊದಲು. ಲೈನ್ ಇರುವವರಲ್ಲಿ ಒಳಗೆ ತುಂಬಿಟ್ಟ ಹೆಪಾರಿನ್ ಮತ್ತು ಮೊದಲ ರಕ್ತ ತೆಗೆದ ಮೇಲೆ. ಕೊನೆಗೆ ನೀರು ಎಳೆಯುವುದನ್ನು ಕನಿಷ್ಠಕ್ಕೆ ತಂದು, ಪಂಪನ್ನು ನಿಮಿಷಕ್ಕೆ 100 ಮಿಲಿಲೀಟರಿಗೆ ಇಳಿಸಿ, 15 ಸೆಕೆಂಡು ಎಣಿಸಿ, ರಕ್ತ ಯಂತ್ರಕ್ಕೆ ಹೋಗುವ ಕಡೆಯ ಆರ್ಟೀರಿಯಲ್ ಪೋರ್ಟಿನಿಂದ ತೆಗೆಯಿರಿ. ಎರಡೂ ಮಾದರಿ ಒಂದೇ ದಿನದ್ದು, ಒಂದೇ ಲ್ಯಾಬಿಗೆ. ಲ್ಯಾಬಿನ ಚೀಟಿಯಲ್ಲಿ ಯೂರಿಯಾವೋ ಬಿಯುಎನ್ನೋ (ಯೂರಿಯಾದಲ್ಲಿನ ನೈಟ್ರೋಜನ್ ಮಾತ್ರ) ಎಂದು ನೋಡಿ. ಬಿಯುಎನ್ನನ್ನು 2.14ರಿಂದ ಗುಣಿಸಿದರೆ ಯೂರಿಯಾ. ಮುಂಚಿನದು ಒಂದು ಲ್ಯಾಬಿನ ಯೂರಿಯಾ, ನಂತರದ್ದು ಇನ್ನೊಂದು ಲ್ಯಾಬಿನ ಬಿಯುಎನ್ ಆದರೆ ಶೇ. 80ಕ್ಕೂ ಮೀರಿದ ಪವಾಡಗಳು ರಿಜಿಸ್ಟ್ರಿಯೊಳಗೆ ಹೋಗುತ್ತವೆ. ಗಲ್ಫಿನಿಂದ ಬಂದವರ ಚೀಟಿಯಲ್ಲಿ ಕಿಡ್ನಿ ಹೊರಹಾಕುವ ಇನ್ನೊಂದು ತ್ಯಾಜ್ಯವಾದ ಕ್ರಿಯಾಟಿನಿನ್ ಮೈಕ್ರೋಮೋಲ್‌ನಲ್ಲಿ ಇರಬಹುದು. ಅದನ್ನು 88.4ರಿಂದ ಭಾಗಿಸಬೇಕು.

ಯುಆರ್‌ಆರ್ ನಿಜವಾಗಿಯೂ ಕಡಿಮೆ ಬಂದರೆ ಎಲ್ಲಿ ನೋಡಬೇಕು? ಮೊದಲು ಗಡಿಯಾರ. ಕೊನೆಯ ಬಸ್ ತಪ್ಪುತ್ತದೆಂದು ಮೂರೂ ಕಾಲು ಗಂಟೆಗೇ ಬಿಡಿಸಿಕೊಂಡು ಹೋಗಿರಬಹುದು. ಆಮೇಲೆ ರಕ್ತದ ಹರಿವು: ಬರೆದದ್ದು 300, ಓಡಿದ್ದು 220. ಆಮೇಲೆ ಸೂಜಿಗಳು ತೀರಾ ಹತ್ತಿರ ಚುಚ್ಚಿವೆಯೇ, ರಕ್ತ ಸೋಸುವ ಡಯಲೈಸರಿನಲ್ಲಿ ರಕ್ತ ಕಟ್ಟಿದೆಯೇ, ಮರುಬಳಕೆಯ ಡಯಲೈಸರ್ ಎಷ್ಟನೆಯ ಸಲದ್ದು. ಇವೆಲ್ಲ ಸರಿ ಇದ್ದರೆ ಫಿಸ್ಟುಲಾದ ಸ್ಕ್ಯಾನ್. ವಾರಕ್ಕೆ ಎರಡೇ ಸಲ ಬರುವವರಿಗೆ ಶೇ. 65ರ ಗೆರೆ ಸಾಕಾಗುವುದಿಲ್ಲ. ಅವರ ಮೂತ್ರ ದಿನಕ್ಕೆ ಎಷ್ಟು ಬರುತ್ತಿದೆ ಎಂಬುದನ್ನು ಅಳೆದು ಜತೆಗೆ ಬರೆಯಿರಿ. ಮೂತ್ರ ನಿಂತಿದ್ದರೆ ವಾರಕ್ಕೆ ಎರಡು ಸಲ ಕಡಿಮೆಯೇ, ಯುಆರ್‌ಆರ್ ಎಷ್ಟೇ ಇರಲಿ.

ನೀರಿನ ಲೆಕ್ಕವೂ ಹೀಗೇ. ಒಂದು ಸರದಿ ತಪ್ಪಿಸಿದವರು ಮುಂದಿನ ಸಲ ಮೈ ತುಂಬ ನೀರು ತುಂಬಿಕೊಂಡು ಬರುತ್ತಾರೆ. 50 ಕಿಲೋ ತೂಕದವರಿಂದ ನಾಲ್ಕು ಗಂಟೆಯಲ್ಲಿ 3 ಲೀಟರ್ ತೆಗೆದರೆ ಗಂಟೆಗೆ ಕಿಲೋ ಒಂದಕ್ಕೆ 15 ಮಿಲಿಲೀಟರ್ ಆಯಿತು. 13ರ ಮೇಲೆ ಹೋದರೆ ಹೃದಯಕ್ಕೆ ಅಪಾಯ ಹೆಚ್ಚು. ಅವರಿಗೆ ನಾಲ್ಕು ಗಂಟೆಗೆ 2.6 ಲೀಟರ್ ಮಿತಿ, ಉಳಿದದ್ದಕ್ಕೆ ಹೊತ್ತು ಹೆಚ್ಚಿಸಬೇಕು ಅಥವಾ ಇನ್ನೊಂದು ದಿನ ಕರೆಸಬೇಕು. ರಿಜಿಸ್ಟ್ರಿಯಲ್ಲಿ ತಪ್ಪಿದ ಸರದಿಯ ಕಾಲಂ ಇದ್ದರೆ ರಾತ್ರಿ ಉಸಿರುಗಟ್ಟಿ ಆಸ್ಪತ್ರೆ ಸೇರಿದವರ ಹೆಸರನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಲೈನ್ ಮತ್ತು ಫಿಸ್ಟುಲಾದ ಲೆಕ್ಕಕ್ಕೆ ಬರೋಣ. ಸೋಂಕನ್ನು ‘ಈ ತಿಂಗಳು ಎರಡು’ ಎಂದು ಎಣಿಸಿದರೆ ಅರ್ಥವಿಲ್ಲ. ಎಷ್ಟು ಮಂದಿಗೆ ಎಷ್ಟು ದಿನ ಲೈನ್ ಇತ್ತು ಎಂಬುದರಿಂದ ಭಾಗಿಸಬೇಕು. 10 ಮಂದಿಗೆ 30 ದಿನ ಲೈನ್ ಇದ್ದರೆ 300 ಲೈನ್-ದಿನಗಳು. ಅದರಲ್ಲಿ ಒಂದು ಸೋಂಕು ಎಂದರೆ ಸಾವಿರ ದಿನಕ್ಕೆ 3.3. ಮುಂದಿನ ತಿಂಗಳು ಸೋಂಕಿಲ್ಲ ಎಂದರೆ ಸೊನ್ನೆ. ಚಿಕ್ಕ ಘಟಕದಲ್ಲಿ ತಿಂಗಳ ಅಂಕಿ ಹೀಗೆ ಹಾರಾಡುತ್ತದೆ. 12 ತಿಂಗಳನ್ನು ಒಟ್ಟು ಸೇರಿಸಿ, 3,650 ದಿನಗಳಲ್ಲಿ 4 ಸೋಂಕು ಎಂದಾದರೆ 1.1. ಅದನ್ನು ನಂಬಬಹುದು.

ಅಮೆರಿಕದಲ್ಲಿ 2003ರಲ್ಲಿ ‘ಫಿಸ್ಟುಲಾ ಫಸ್ಟ್’ ಎಂಬ ಕಾರ್ಯಕ್ರಮ ಶುರುವಾಯಿತು. ಆಗ ಅಲ್ಲಿ ಮೂರರಲ್ಲಿ ಒಂದು ಪಾಲು ರೋಗಿಗಳಿಗೆ ಮಾತ್ರ ಫಿಸ್ಟುಲಾ ಇತ್ತು. ಪ್ರತಿ ಘಟಕಕ್ಕೂ ಅದರದೇ ಅಂಕಿ ತೋರಿಸುತ್ತಾ ಹೋದಂತೆ ಹತ್ತು ವರ್ಷದೊಳಗೆ ಅದು ಶೇ. 60ರ ಆಸುಪಾಸಿಗೆ ಬಂತು. ದೊಡ್ಡ ಸಾಧನೆ. ಆದರೆ ಹೊಸದಾಗಿ ಡಯಾಲಿಸಿಸ್ ಆರಂಭಿಸುವವರಲ್ಲಿ ಶೇ. 80ರಷ್ಟು ಮಂದಿ ಲೈನಿನಲ್ಲೇ ಆರಂಭಿಸುವುದು ಮುಂದುವರಿಯಿತು. ಎಣಿಸಿದ್ದು ಸುಧಾರಿಸಿತು, ಅದರ ಹಿಂದಿನ ಹೆಜ್ಜೆ ಅಲ್ಲೇ ಉಳಿಯಿತು. ಫಿಸ್ಟುಲಾ ಮಾಡಿದರೂ ಬಲಿಯದೆ ಲೈನನ್ನೇ ಮುಂದುವರಿಸಬೇಕಾದವರೂ ಇದ್ದರು. ಆಮೇಲೆ ಆ ಕಾರ್ಯಕ್ರಮದ ಹೆಸರಿಗೇ ‘ಲೈನ್ ಕೊನೆಗೆ’ ಎಂಬ ಅರ್ಥದ ಮಾತನ್ನು ಸೇರಿಸಿದರು. ನಾವು ಆರಂಭದಿಂದಲೇ ಎರಡು ಅಂಕಿ ಇಡಬೇಕು: ಮೊದಲ ಡಯಾಲಿಸಿಸ್ ಯಾವುದರ ಮೂಲಕ ಆಯಿತು, ಮತ್ತು ಅದಕ್ಕೆ ಎಷ್ಟು ದಿನ ಮುಂಚೆ ಅವರು ನೆಫ್ರಾಲಜಿಸ್ಟರನ್ನು ಕಂಡಿದ್ದರು. 90 ದಿನಕ್ಕಿಂತ ಕಡಿಮೆ ಆದರೆ ತಡವಾಗಿ ಬಂದವರು. ಫಿಸ್ಟುಲಾ ಬಲಿಯಲು ಒಂದೂವರೆಯಿಂದ ಮೂರು ತಿಂಗಳು ಬೇಕು. ತಡವಾಗಿ ಬಂದವರಿಗೆ ಕುತ್ತಿಗೆಯ ಲೈನ್ ಬಿಟ್ಟರೆ ದಾರಿಯಿಲ್ಲ.

ಈ ಅಂಕಿ ಡಯಾಲಿಸಿಸ್ ಘಟಕದಲ್ಲಿ ಬರೆದದ್ದಾದರೂ ಅದಕ್ಕೆ ಉತ್ತರ ಕೊಡಬೇಕಾದವರು ಕುಟುಂಬ ಆರೋಗ್ಯ ಕೇಂದ್ರದವರು. ಆಶಾ ಕಾರ್ಯಕರ್ತೆಯರೇ, ಇದು ನಿಮಗೆ. ಶುಗರಿನ ಮದ್ದು ತೆಗೆದುಕೊಂಡು ಹೋಗುವ ಎಲ್ಲರಿಗೂ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಬೇಕು. ಕ್ರಿಯಾಟಿನಿನ್ 1.3 ಬಂದರೆ ‘ಸ್ವಲ್ಪ ಹೆಚ್ಚು, ಪರವಾಗಿಲ್ಲ’ ಎಂದು ಕಳಿಸುವುದುಂಟು. 25 ವರ್ಷದ ಗಂಡಸಿಗೆ 1.3 ಎಂದರೆ 2021ರ ಸೂತ್ರದಲ್ಲಿ ಕಿಡ್ನಿಯ ಸೋಸುವ ಪ್ರಮಾಣ, ಇಜಿಎಫ್‌ಆರ್, ಸುಮಾರು 78. ಅದೇ 1.3, 60 ವರ್ಷದ ಹೆಂಗಸಿಗೆ ಸುಮಾರು 47. ಅದು ಕಾಯಿಲೆಯ ಮೂರನೆಯ ಹಂತದ ಅಂಕಿ. ಆದ್ದರಿಂದ ಪುಸ್ತಕದಲ್ಲಿ ಕ್ರಿಯಾಟಿನಿನ್ ಪಕ್ಕದಲ್ಲಿ ಇಜಿಎಫ್‌ಆರ್ ಕಾಲಂ ಇರಲೇಬೇಕು. ಒಂದೇ ಸಲದ ಪರೀಕ್ಷೆಯಿಂದ ಯಾರನ್ನೂ ಕಿಡ್ನಿ ಕಾಯಿಲೆಯವರೆಂದು ಬರೆಯಬೇಡಿ. ಭೇದಿಯಾಗಿ ಸುಸ್ತಾದಾಗಲೂ, ನೋವಿನ ಮಾತ್ರೆ ನುಂಗಿದಾಗಲೂ ಕ್ರಿಯಾಟಿನಿನ್ ಏರುತ್ತದೆ. ಮೂರು ತಿಂಗಳ ಮೇಲೂ ಹಾಗೇ ಇದ್ದರೆ ಬರೆಯಿರಿ. ಇಜಿಎಫ್‌ಆರ್ 30ಕ್ಕಿಂತ ಇಳಿದವರ ಹೆಸರು ಡಯಾಲಿಸಿಸ್ ಘಟಕಕ್ಕೂ ಗೊತ್ತಿರಲಿ. ಅವರು ಬಲಗೈ ಬಳಸುವವರಾದರೆ ಮುಂದೆ ಫಿಸ್ಟುಲಾ ಮಾಡಲು ಎಡಗೈಯ ರಕ್ತನಾಳ ಉಳಿಸಬೇಕು. ಡ್ರಿಪ್ ಬೇಕಾದಾಗ ಎಡಗೈ ಕೊಡಬೇಡಿ ಎಂದು ಮನೆಯವರಿಗೂ ಹೇಳಿಕೊಡಿ.

ಅಂಕಿ ಬರೆದರೆ ಸುಧಾರಣೆ ಆಗುತ್ತದೆಯೇ? ತನ್ನಷ್ಟಕ್ಕೆ ಆಗುವುದಿಲ್ಲ. ಬರೆದವರ ಕೈಗೆ ಅದು ಮರಳಿ ಬರಬೇಕು. ಆಸ್ಟ್ರೇಲಿಯಾದಲ್ಲಿ ಹೊಟ್ಟೆಯ ಡಯಾಲಿಸಿಸ್ (ಹೊಟ್ಟೆಗೆ ದ್ರಾವಣ ತುಂಬಿ ರಕ್ತ ಸೋಸುವುದು) ಮಾಡುವವರ ಸೋಂಕಿನ ಲೆಕ್ಕವನ್ನು 2003ರಿಂದ ರಿಜಿಸ್ಟ್ರಿಯಲ್ಲಿ ಬರೆಯತೊಡಗಿದರು. ಘಟಕದಿಂದ ಘಟಕಕ್ಕೆ ಅಜಗಜಾಂತರ ಕಂಡಿತು. ಒಂದೇ ದೇಶ, ಒಂದೇ ದ್ರಾವಣ, ಒಂದೇ ನಳಿಕೆ, ಆದರೂ ಸೋಂಕು ಹಲವು ಪಟ್ಟು. ವ್ಯತ್ಯಾಸ ರೋಗಿಗಳಲ್ಲಿಲ್ಲ, ತರಬೇತಿಯಲ್ಲಿ ಮತ್ತು ಔಷಧ ಕೊಡುವ ಕ್ರಮದಲ್ಲಿದೆ ಎಂದು ಒಪ್ಪಿಕೊಂಡು ಕೆಲಸ ಮಾಡಿದ ಮೇಲೆ ದೇಶದ ಸರಾಸರಿ ಗಣನೀಯವಾಗಿ ಇಳಿಯಿತು. ಈಗ ಅಂತಾರಾಷ್ಟ್ರೀಯ ಗುರಿ ಒಬ್ಬ ರೋಗಿಗೆ ವರ್ಷಕ್ಕೆ 0.4 ಸೋಂಕನ್ನು ಮೀರದಿರುವುದು.

ಹೋಲಿಕೆ ಮಾಡುವಾಗ ಒಂದು ಎಚ್ಚರಿಕೆ. 20 ಮಂದಿಯ ಘಟಕದಲ್ಲಿ ವರ್ಷಕ್ಕೆ 4 ಸಾವು, ಶೇ. 20. 200 ಮಂದಿಯ ಘಟಕದಲ್ಲಿ 30, ಶೇ. 15. ಚಿಕ್ಕ ಘಟಕ ಕೆಟ್ಟದ್ದೇ? ಹೇಳಲಾಗದು. ನಿಜವಾದ ಪ್ರಮಾಣ ಎರಡು ಕಡೆಯೂ ಶೇ. 15 ಇದ್ದರೂ 20 ಮಂದಿಯಲ್ಲಿ ಒಂದು ವರ್ಷ 1, ಇನ್ನೊಂದು ವರ್ಷ 6 ಸಾವು ಕೇವಲ ಆಕಸ್ಮಿಕವಾಗಿ ಬರಬಹುದು. ಬ್ರಿಟನ್ನಿನ ರಿಜಿಸ್ಟ್ರಿ ಇದಕ್ಕಾಗಿ ಆಲಿಕೆಯಾಕಾರದ ನಕ್ಷೆ ಬಳಸುತ್ತದೆ. ಚಿಕ್ಕ ಘಟಕಗಳಿಗೆ ಅಗಲ ಗೆರೆ, ದೊಡ್ಡವಕ್ಕೆ ಕಿರಿದು, ಗೆರೆಯಾಚೆ ಬಿದ್ದರೆ ಮಾತ್ರ ವಿಚಾರಣೆ. ಅಧಿಕಾರಿಗಳು ಇದನ್ನು ತಿಳಿಯದೆ ಪಟ್ಟಿ ಮಾಡಿ ಕೊನೆಯ ಸ್ಥಾನದವರನ್ನು ಗದರಿಸಿದರೆ ಆ ತಿಂಗಳಿನಿಂದಲೇ ಸುಳ್ಳು ಬರೆಯುವುದು ಶುರುವಾಗುತ್ತದೆ. ಗಂಭೀರ ಸ್ಥಿತಿಯವರನ್ನು ಮಂಗಳೂರಿಗೆ ಕಳಿಸಿ ಸಾವನ್ನು ಅಲ್ಲಿಯ ಖಾತೆಗೆ ಹಾಕುವ ಪ್ರಲೋಭನೆಯೂ ಹುಟ್ಟುತ್ತದೆ. ಅದಕ್ಕೆ, ಬೇರೆಡೆಗೆ ಕಳಿಸಿದ 30 ದಿನದೊಳಗಿನ ಸಾವು ಕಳಿಸಿದ ಘಟಕದ ಲೆಕ್ಕಕ್ಕೇ ಎಂದು ಮೊದಲೇ ನಿಯಮ ಮಾಡಿಕೊಳ್ಳಿ.

ಹೆಪಟೈಟಿಸ್ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿ ಮತ್ತು ಸಿ ಪರೀಕ್ಷೆ ಸೇರುವಾಗ, ಬೇರೆ ಕಡೆ ಹೋಗಿ ಮರಳಿದಾಗ, ಸಿ ಆರು ತಿಂಗಳಿಗೊಮ್ಮೆ. ಬಿ ಲಸಿಕೆ ಡಯಾಲಿಸಿಸ್ ರೋಗಿಗಳಿಗೆ ದುಪ್ಪಟ್ಟು, ಅಂದರೆ 40 ಮೈಕ್ರೋಗ್ರಾಂ; 0, 1, 2, 6 ತಿಂಗಳಿಗೆ. ಆಮೇಲೆ ರಕ್ತದಲ್ಲಿ ಪ್ರತಿಕಾಯ 10ಕ್ಕಿಂತ ಹೆಚ್ಚಿದೆಯೇ ನೋಡಬೇಕು. ಮೊದಲು ಇಲ್ಲದೆ ನಿಮ್ಮಲ್ಲಿರುವಾಗ ಸಿ ಬಂದವರು ಒಬ್ಬರೇ ಆದರೂ ಸರಾಸರಿ ತೆಗೆಯಬೇಡಿ, ಅಂದೇ ಕಾರಣ ಹುಡುಕಿ. ಆದರೆ ಈ ವಿವರ ಪುಸ್ತಕದ ಹೊರಹಾಳೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಬರಕೂಡದು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಇದೆ, ಅದಕ್ಕಿಂತ ಮೊದಲು ಆ ಮನುಷ್ಯನ ಮಾನ ಇದೆ. ಒಪ್ಪಿಗೆಯ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು. ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಗಳಲ್ಲಿ ಬಾಯಲ್ಲಿ ಓದಿ ಹೇಳಬೇಕು. ಓದಲಾಗದ ಪತ್ರಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಲಾಗದು.

ಇನ್ನು ಹೊರಹೋದವರ ಚೀಟಿ. ಇದು ಸರಿಯಾಗದಿದ್ದರೆ ಇಷ್ಟು ಹೊತ್ತು ಹೇಳಿದ್ದು ದಂಡ. ‘ಬರುವುದು ನಿಂತಿತು’ ಎಂಬ ಕಾಲಮ್ಮನ್ನೇ ಇಡಬೇಡಿ. ಹೊರಹೋಗಲು ಐದೇ ದಾರಿ: ಸಾವು, ಕಸಿ, ಚೇತರಿಕೆ, ಬೇರೆ ಘಟಕ, ಚಿಕಿತ್ಸೆ ನಿಲ್ಲಿಸಿದ್ದು. ನಿಲ್ಲಿಸಿದ್ದಾದರೆ ಕಾರಣ: ಹಣವೇ, ದೂರವೇ, ಕರೆದುಕೊಂಡು ಬರುವವರಿಲ್ಲವೇ, ಸಾಕು ಎಂದು ರೋಗಿಯೇ ನಿರ್ಧರಿಸಿದ್ದೇ. ಕೊನೆಯದಾದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್‌ಗೆ ಅಂದೇ ಹೇಳಿ. ಅವರ ನೋವಿಗೂ ಉಸಿರಾಟಕ್ಕೂ ಮದ್ದಿದೆ. ಒಂದು ಸರದಿ ತಪ್ಪಿದರೆ ಅಂದೇ ಸಂಜೆ ಫೋನ್. ‘ಯಾಕೆ ಬರಲಿಲ್ಲ?’ ಎಂದು ದಬಾಯಿಸದೆ, ‘ಅಣ್ಣ, ಇವತ್ತು ಕಾಣಲಿಲ್ಲವಲ್ಲ, ಕಾಲು ಬಾತಿದೆಯಾ, ಮಲಗಿದರೆ ಉಸಿರು ಕಟ್ಟುತ್ತದಾ?’ ಎಂದು ಕೇಳಿ. ಎರಡು ಸರದಿ ತಪ್ಪಿದರೆ ಆ ವಾರ್ಡಿನ ಆಶಾ ಮನೆಗೆ ಹೋಗಲಿ. ಸಾವಿನ ಸುದ್ದಿ ಬಂದರೆ ಪಂಚಾಯತಿನ ಮರಣ ನೋಂದಣಿಯಿಂದ ದಿನಾಂಕ ಖಚಿತ ಮಾಡಿಕೊಳ್ಳಿ. ಕಸಿಗೆ ಹೆಸರು ಬರೆಸುವವರಿಗೆ ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತನ್ನು ಕೇಂದ್ರ 2023ರಲ್ಲಿ ತೆಗೆದಿದೆ, ಆದ್ದರಿಂದ ಕೇರಳದವರು ಕರ್ನಾಟಕದಲ್ಲಿ ಬರೆಸಿದ್ದರೆ ಅದನ್ನೂ ಗುರುತು ಮಾಡಿ.

ಬೇರೆ ಘಟಕಕ್ಕೆ ಹೋಗುವವರ ಕೈಯಲ್ಲಿ ಒಂದು ಹಾಳೆ ಕೊಡಿ: ಕೊನೆಯ ಡಯಾಲಿಸಿಸ್ ದಿನಾಂಕ, ಡ್ರೈ ವೆಯ್ಟ್, ಹೆಪಾರಿನ್ ಪ್ರಮಾಣ, ಫಿಸ್ಟುಲಾ ಯಾವ ಕೈ ಮತ್ತು ಯಾವಾಗ ಮಾಡಿದ್ದು, ವೈರಸ್ ಪರೀಕ್ಷೆಯ ಫಲಿತಾಂಶ ಮತ್ತು ದಿನ, ಯಾವ ಮದ್ದು ಆಗುವುದಿಲ್ಲ, ಆಭಾ ಸಂಖ್ಯೆ, ನಿಮ್ಮ ಘಟಕದ ಫೋನ್. ಮಂಗಳೂರಿನವರು ‘ಇವರು ನಮ್ಮಲ್ಲಿಗೆ ಬಂದಿದ್ದಾರೆ’ ಎಂದು ಫೋನ್ ಮಾಡಿದ ದಿನ ಆ ಹೆಸರಿನ ಮುಂದೆ ‘ಬೇರೆ ಘಟಕ’ ಎಂದು ಬರೆಯಿರಿ. ಅಲ್ಲಿಯವರೆಗೆ ಆ ಹೆಸರು ನಿಮ್ಮ ಪುಸ್ತಕದಲ್ಲೇ ಇರಲಿ, ಫೋನ್ ಮಾಡುವ ಜವಾಬ್ದಾರಿಯೂ ನಿಮ್ಮದೇ.